ವಿಡಿಯೊ ನೋಡಿದ ಮೇಲೂ ರೆಫರಿ ತಪ್ಪುವುದೇಕೆ?

ಪ್ರಶ್ನೆ: ನಾನು ಬೆಳಗಾವಿಯ ಟಿಳಕವಾಡಿಯವನು. ಬಿಡುವಿದ್ದಾಗ ಲೇಲೆ ಮೈದಾನದಲ್ಲಿ ಆಡುತ್ತೇನೆ, ರಾತ್ರಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡುತ್ತೇನೆ. ಹತ್ತಾರು ಕ್ಯಾಮೆರಾ, ಪ್ರತ್ಯೇಕ ಕೊಠಡಿ, ಅದರೊಳಗೆ ಇನ್ನಷ್ಟು ರೆಫರಿಗಳು, ಇಷ್ಟೆಲ್ಲ ಇದ್ದೂ ತಪ್ಪು ತೀರ್ಪು ಬರುವುದೇಕೆ? ವಿಡಿಯೊ ನೋಡಿಯೂ ತಪ್ಪಿದರೆ ಅದನ್ನು ಮೋಸ ಎನ್ನದೆ ಮತ್ತೇನೆನ್ನಬೇಕು? ಇಂಥ ವಿಎಆರ್ (ವಿಡಿಯೊ ನೋಡಿ ಮೈದಾನದ ರೆಫರಿಗೆ ನೆರವಾಗುವ ಸಹಾಯಕ ರೆಫರಿಯ ವ್ಯವಸ್ಥೆ) ಇಲ್ಲದಿದ್ದರೇ ಒಳ್ಳೆಯದಲ್ಲವೇ? ಇನ್ನೊಂದು ವಿಷಯ: ನಮ್ಮ ಸ್ಥಳೀಯ ಟೂರ್ನಿಯ ಸೆಮಿಫೈನಲ್‌ನಲ್ಲಿ ಎದುರಾಳಿಗಳು ಹೊಡೆದ ಗೋಲು ಸ್ಪಷ್ಟವಾಗಿ ಆಫ್‌ಸೈಡ್ ಆಗಿತ್ತು, ಅಂದರೆ ಚೆಂಡು ಒದ್ದ ಕ್ಷಣದಲ್ಲೇ ಅವರ ಆಟಗಾರ ನಮ್ಮ ಕೊನೆಯಿಂದ ಎರಡನೆಯ ಆಟಗಾರನಿಗಿಂತ ಗೋಲಿಗೆ ಹತ್ತಿರವಿದ್ದ. ಮೊಬೈಲ್‌ನಲ್ಲಿ ತೆಗೆದ ವಿಡಿಯೊ ತೋರಿಸಲು ಹೋದರೂ ರೆಫರಿ ನೋಡಲೇ ಇಲ್ಲ. ಅವರು ಮಾಡಿದ್ದು ಸರಿಯೇ?

ಉತ್ತರ: ಇಂಗ್ಲೆಂಡಿನ ಮಾತಿಗೆ ಹೋಗುವ ಮೊದಲು ನಮ್ಮವೇ ಎರಡು ಪಂದ್ಯಗಳನ್ನು ನೆನಪಿಸಿಕೊಳ್ಳುವುದು ಅನುಕೂಲ. ಎರಡರಲ್ಲೂ ವಿಡಿಯೊ ನೆರವು ಇರಲಿಲ್ಲ, ಎರಡೂ ದೊಡ್ಡ ಗಲಾಟೆಗೆ ಕಾರಣವಾದವು. ಆದರೆ ವಿಎಆರ್ ಇದ್ದಿದ್ದರೆ ಅವುಗಳಲ್ಲಿ ಒಂದರ ಗಲಾಟೆ ಮಾತ್ರ ತಪ್ಪುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು 2024ರ ಜೂನ್ 11ರಂದು ದೋಹಾದಲ್ಲಿ ನಡೆದ ಭಾರತ–ಕತಾರ್ ವಿಶ್ವಕಪ್ ಅರ್ಹತಾ ಪಂದ್ಯ. ಲಾಲಿಯಾನ್‌ಜುವಾಲಾ ಛಾಂಗ್ಟೆ 37ನೇ ನಿಮಿಷದಲ್ಲಿ ಹೊಡೆದ ಗೋಲಿನಿಂದ ಭಾರತ ಮುಂದಿತ್ತು. ಅದೇ ಅಂತರ ಉಳಿಸಿಕೊಂಡಿದ್ದರೆ ತಂಡ ಮೂರನೇ ಸುತ್ತಿಗೆ ಹೋಗುತ್ತಿತ್ತು. 73ನೇ ನಿಮಿಷದಲ್ಲಿ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ತಡೆದ ಚೆಂಡು ಗೋಲು ಕಂಬದ ಪಕ್ಕದಲ್ಲಿ ಗೆರೆ ದಾಟಿ ಹೊರಗೆ ಉರುಳಿತು. ಇನ್ನೇನು ಕಾರ್ನರ್ ಎಂದು ನಮ್ಮವರು ಸುಮ್ಮನೆ ನಿಂತರು. ಅಷ್ಟರಲ್ಲಿ ಕತಾರಿನ ಆಟಗಾರನೊಬ್ಬ ಹೊರಗಿದ್ದ ಚೆಂಡನ್ನು ಕಾಲಿನಿಂದ ಒಳಗೆಳೆದ, ಯೂಸುಫ್ ಐಮನ್ ಅದನ್ನು ಬಲೆಗೆ ಸೇರಿಸಿದ, ರೆಫರಿ ಗೋಲು ಎಂದು ಸಾರಿದರು. ನಮ್ಮ ಆಟಗಾರರು ಸುತ್ತುವರಿದು ಪ್ರತಿಭಟಿಸಿದರೂ ತೀರ್ಪು ಬದಲಾಗಲಿಲ್ಲ. 85ನೇ ನಿಮಿಷದಲ್ಲಿ ಕತಾರ್ ಮತ್ತೊಂದು ಗೋಲು ಹೊಡೆಯಿತು, ಭಾರತ 1–2ರಿಂದ ಸೋತು ಹೊರಬಿತ್ತು. ಆ ಸುತ್ತಿನ ಪಂದ್ಯಗಳಿಗೆ ವಿಎಆರ್ ಇರಲಿಲ್ಲ. ಇದ್ದಿದ್ದರೆ ಒಂದೇ ಒಂದು ಮರುಪ್ರಸಾರ ನೋಡಿದರೆ ಸಾಕಿತ್ತು. ಗೋಲಿಗೆ ಮುನ್ನ ಚೆಂಡು ಹೊರಗೆ ಹೋಗಿತ್ತೇ ಎಂಬುದು ವಿಎಆರ್ ಪರಿಶೀಲಿಸಲೇಬೇಕಾದ ಅಂಶಗಳಲ್ಲಿ ಒಂದು.

ಎರಡನೆಯದು ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ 2023ರ ಮಾರ್ಚ್ 3ರಂದು ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ನಡೆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್ ಪಂದ್ಯ. ನಿಗದಿತ ಅವಧಿ ಗೋಲಿಲ್ಲದೆ ಮುಗಿದು ಹೆಚ್ಚುವರಿ ಅವಧಿ ನಡೆಯುತ್ತಿತ್ತು. 96ನೇ ನಿಮಿಷದಲ್ಲಿ ಸಿಕ್ಕ ಫ್ರೀ ಕಿಕ್ಕನ್ನು ಸುನಿಲ್ ಛೆಟ್ರಿ, ಕೇರಳದ ಗೋಲ್‌ಕೀಪರ್ ಇನ್ನೂ ತನ್ನ ಆಟಗಾರರ ಗೋಡೆ ಜೋಡಿಸುತ್ತಿರುವಾಗಲೇ, ಖಾಲಿ ಬಿದ್ದ ಗೋಲಿನೊಳಕ್ಕೆ ತೂರಿಬಿಟ್ಟರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು, ಅವರು ಮರಳಿ ಬರಲೇ ಇಲ್ಲ, ಪಂದ್ಯ ಬೆಂಗಳೂರಿನ ಪಾಲಾಯಿತು. ಮುಂದೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು. ನಿಯಮ ಹೇಳುವುದು ಇಷ್ಟು: ಫ್ರೀ ಕಿಕ್ ಸಿಕ್ಕ ತಂಡ ಬೇಕೆಂದರೆ ಎದುರಾಳಿಗಳು 9.15 ಮೀಟರ್ ಹಿಂದೆ ಸರಿಯುವವರೆಗೆ ಕಾಯದೆ ಚೆಂಡು ಒದೆಯಬಹುದು, ಆದರೆ ರೆಫರಿ ‘ನನ್ನ ಶಿಳ್ಳೆಗೆ ಕಾಯಿರಿ’ ಎಂದಿದ್ದರೆ ಮಾತ್ರ ಕಾಯಲೇಬೇಕು. ಹಾಗಾದರೆ ವಿವಾದವೆಲ್ಲ ನಿಂತಿದ್ದು ರೆಫರಿ ಕಾಯಲು ಹೇಳಿದ್ದರೇ, ಹೇಳಿರಲಿಲ್ಲವೇ ಎಂಬುದರ ಮೇಲೆ. ಚೆಂಡು ಎಲ್ಲಿತ್ತು, ಯಾರು ಎಲ್ಲಿದ್ದರು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಹತ್ತು ಕ್ಯಾಮೆರಾ ಅಲ್ಲ, ನೂರು ಕ್ಯಾಮೆರಾ ಇಟ್ಟಿದ್ದರೂ ಅವು ಈ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ.

ನಿಮ್ಮ ಮೊದಲ ಪ್ರಶ್ನೆಯ ಉತ್ತರದ ಮುಕ್ಕಾಲು ಭಾಗ ಈ ಎರಡು ಪಂದ್ಯಗಳ ವ್ಯತ್ಯಾಸದಲ್ಲೇ ಇದೆ. ರೆಫರಿಯ ಮುಂದೆ ಬರುವ ಕೆಲವು ಪ್ರಶ್ನೆಗಳಿಗೆ ಉತ್ತರ ಚಿತ್ರದಲ್ಲಿರುತ್ತದೆ: ಚೆಂಡು ಗೆರೆ ದಾಟಿತೇ, ಫೌಲ್ ಆದದ್ದು ಪೆನಾಲ್ಟಿ ಪ್ರದೇಶದ ಒಳಗೋ ಹೊರಗೋ, ಕಾರ್ಡ್ ತೋರಿಸಿದ್ದು ಸರಿಯಾದ ಆಟಗಾರನಿಗೋ ಪಕ್ಕದವನಿಗೋ. ಬೇರೆ ಕೆಲವಕ್ಕೆ ಉತ್ತರ ನೋಡುವವರ ವಿವೇಚನೆಯಲ್ಲಿರುತ್ತದೆ: ಭುಜ ತಾಗಿಸಿದ್ದು ನ್ಯಾಯವಾದ ಪೈಪೋಟಿಯೋ ತಳ್ಳಾಟವೋ, ಕೈ ಇದ್ದ ಭಂಗಿ ಸಹಜವೋ ಅಲ್ಲವೋ, ಅಡ್ಡಗಾಲು ಹಳದಿ ಕಾರ್ಡಿಗೆ ತಕ್ಕುದೋ ಕೆಂಪು ಕಾರ್ಡಿಗೆ ತಕ್ಕುದೋ. ಎರಡನೆಯ ಬಗೆಯ ಪ್ರಶ್ನೆಯನ್ನು ವಿಡಿಯೊ ಮುಂದೆ ಇಟ್ಟರೆ ಜಗಳ ಬಗೆಹರಿಯುವುದಿಲ್ಲ, ಮೈದಾನದಲ್ಲಿದ್ದ ಜಗಳ ಕೊಠಡಿಗೆ ವರ್ಗವಾಗುತ್ತದೆ ಅಷ್ಟೇ.

ವಿಎಆರ್ ಬರಲು ಕಾರಣವಾದ ಹಳೆಯ ಪ್ರಸಂಗಗಳನ್ನು ಗಮನಿಸಿ. 1986ರಲ್ಲಿ ಮೆಕ್ಸಿಕೊದ ಅಜ್ಟೆಕಾ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ಕೈಯಿಂದ ಹೊಡೆದ ಗೋಲು. 2009ರ ನವೆಂಬರಿನಲ್ಲಿ ಪ್ಯಾರಿಸ್ ಬಳಿ ಐರ್ಲೆಂಡ್ ವಿರುದ್ಧ ಥಿಯರಿ ಆನ್ರಿ ಕೈಯಿಂದ ಚೆಂಡು ಹಿಡಿತಕ್ಕೆ ತಂದು ಗಲ್ಲಾಸ್‌ಗೆ ಒದಗಿಸಿದ ಗೋಲು. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಫ್ರಾಂಕ್ ಲ್ಯಾಂಪಾರ್ಡ್ ಒದ್ದ ಚೆಂಡು ಅಡ್ಡಕಂಬಕ್ಕೆ ಬಡಿದು ಗೆರೆಯ ಒಳಗೆ ಬಿದ್ದು ಪುಟಿದರೂ ಸಿಗದೇ ಹೋದ ಗೋಲು. ಮೂರರಲ್ಲೂ ಉತ್ತರ ಚಿತ್ರದಲ್ಲೇ ಇತ್ತು, ಟಿವಿ ಮುಂದೆ ಕುಳಿತ ಕೋಟ್ಯಂತರ ಜನರಿಗೆ ಕಂಡದ್ದು ರೆಫರಿಯೊಬ್ಬರಿಗೇ ಕಂಡಿರಲಿಲ್ಲ. ಲ್ಯಾಂಪಾರ್ಡ್ ಪ್ರಸಂಗವಾದ ಎರಡು ವರ್ಷಕ್ಕೆ, 2012ರಲ್ಲಿ, ಆಟದ ನಿಯಮ ರೂಪಿಸುವ ಮಂಡಳಿಯಾದ ಐಎಫ್‌ಎಬಿ ಗೋಲು ಗೆರೆ ತಂತ್ರಜ್ಞಾನಕ್ಕೆ ಒಪ್ಪಿಗೆ ಕೊಟ್ಟಿತು. 2018ರ ಮಾರ್ಚ್‌ನಲ್ಲಿ ವಿಎಆರ್ ಅನ್ನು ನಿಯಮ ಪುಸ್ತಕಕ್ಕೆ ಸೇರಿಸಿತು. ಅದೇ ವರ್ಷ ರಷ್ಯಾದ ವಿಶ್ವಕಪ್‌ನಲ್ಲಿ ಅದು ಬಳಕೆಗೆ ಬಂತು.

ಆಗ ಹಾಕಿಕೊಂಡ ಚೌಕಟ್ಟು ಕಿರಿದಾಗಿಯೇ ಇತ್ತು. ಗೋಲು ಆಯಿತೋ ಇಲ್ಲವೋ, ಪೆನಾಲ್ಟಿಯೋ ಅಲ್ಲವೋ, ನೇರ ಕೆಂಪು ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಶಿಕ್ಷೆ, ಈ ನಾಲ್ಕರಲ್ಲಿ ಮಾತ್ರ ವಿಎಆರ್ ಬಾಯಿ ಹಾಕಬಹುದಿತ್ತು. ಅದೂ ರೆಫರಿಯ ತಪ್ಪು ‘ಸ್ಪಷ್ಟ ಮತ್ತು ನಿಚ್ಚಳ’ವಾಗಿದ್ದರೆ, ಅಥವಾ ಗಂಭೀರ ಘಟನೆಯೊಂದು ಅವರ ಕಣ್ಣಿಗೇ ಬೀಳದೆ ಹೋಗಿದ್ದರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಲೆಕ್ಕಾಚಾರವಿದು: ದೊಡ್ಡ ತಪ್ಪು ಸರಿಹೋಗಬೇಕು, ಆಟದ ಓಟ ಕೆಡಬಾರದು. ಅಂತಿಮ ತೀರ್ಪು ಯಾವಾಗಲೂ ಮೈದಾನದ ರೆಫರಿಯದೇ. ಕ್ರಿಕೆಟ್ ನೋಡುವವರಿಗೆ ಇದು ಹೊಸತೇನಲ್ಲ; ಡಿಆರ್‌ಎಸ್‌ನಲ್ಲಿ ಚೆಂಡು ಸ್ಟಂಪಿಗೆ ಸ್ವಲ್ಪವೇ ತಾಗುವಂತಿದ್ದರೆ ‘ಅಂಪೈರ್ಸ್ ಕಾಲ್’ ಎಂದು ಮೂಲ ತೀರ್ಪನ್ನೇ ಉಳಿಸುತ್ತಾರಲ್ಲ, ಅದರ ಹಿಂದಿನ ತರ್ಕವೂ ಇದೇ. ಆದರೆ ಕ್ರಿಕೆಟ್‌ನಲ್ಲಿ ‘ಸ್ವಲ್ಪ’ ಎಂದರೆ ಎಷ್ಟು ಎಂಬುದಕ್ಕೆ ಅಳತೆಯಿದೆ. ಫುಟ್‌ಬಾಲಿನ ‘ಸ್ಪಷ್ಟ’ಕ್ಕೆ ಅಳತೆಗೋಲಿಲ್ಲ. ಒಬ್ಬ ವಿಎಆರ್ ರೆಫರಿಗೆ ಸ್ಪಷ್ಟವೆನಿಸಿದ್ದು ಇನ್ನೊಬ್ಬರಿಗೆ ಐವತ್ತು-ಐವತ್ತು ಎನಿಸುತ್ತದೆ. ಶನಿವಾರ ಒಂದು ಕ್ರೀಡಾಂಗಣದಲ್ಲಿ ಪೆನಾಲ್ಟಿ ಕೊಡಿಸಿದಂಥ ಎಳೆದಾಟವನ್ನು ಭಾನುವಾರ ಇನ್ನೊಂದು ಕ್ರೀಡಾಂಗಣದಲ್ಲಿ ‘ಮೈದಾನದ ತೀರ್ಪೇ ಇರಲಿ’ ಎಂದು ಬಿಟ್ಟಾಗ ನಿಮಗೆ ಮೋಸದ ವಾಸನೆ ಬರುವುದು ಇದೇ ಕಾರಣಕ್ಕೆ.

ಹ್ಯಾಂಡ್‌ಬಾಲ್ ಇದಕ್ಕೆ ಒಳ್ಳೆಯ ಉದಾಹರಣೆ. 2018ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ಮತ್ತು ಕ್ರೊಯೇಷ್ಯಾ 1–1 ಸಮಬಲದಲ್ಲಿದ್ದಾಗ ಕಾರ್ನರ್‌ನಿಂದ ಬಂದ ಚೆಂಡು ಕ್ರೊಯೇಷ್ಯಾದ ಇವಾನ್ ಪೆರಿಸಿಚ್ ಅವರ ಕೈಗೆ ತಾಗಿತು. ಅರ್ಜೆಂಟೀನಾದ ರೆಫರಿ ನೆಸ್ಟರ್ ಪಿಟಾನಾ ಮೈದಾನದ ಬದಿಯ ಪರದೆಯಲ್ಲಿ ನೋಡಿದರು, ಹೊರಟರು, ಮತ್ತೆ ತಿರುಗಿ ಬಂದು ಇನ್ನೊಮ್ಮೆ ನೋಡಿದರು, ಆಮೇಲೆ ಪೆನಾಲ್ಟಿ ಕೊಟ್ಟರು. ತಿರುಗಿ ಬಂದು ನೋಡಬೇಕಾದ ತಪ್ಪು ‘ಸ್ಪಷ್ಟ ಮತ್ತು ನಿಚ್ಚಳ’ ಹೇಗಾದೀತು ಎಂದು ಅಂದು ಕೇಳಿದವರ ಮಾತಿನಲ್ಲಿ ಹುರುಳಿದೆ. ಕೈ ತಾಗಿದ್ದನ್ನು ಕ್ಯಾಮೆರಾ ತೋರಿಸಿತು. ಆ ಕೈ ದೇಹವನ್ನು ಅಸಹಜವಾಗಿ ಹಿಗ್ಗಿಸಿತ್ತೇ ಎಂಬುದನ್ನು ಪಿಟಾನಾ ಅವರೇ ನಿರ್ಧರಿಸಬೇಕಾಯಿತು. ಈ ನಿಯಮದ ವಾಕ್ಯಗಳನ್ನು 2019ರಲ್ಲೂ 2021ರಲ್ಲೂ ತಿದ್ದಿ ಬರೆದರು. ವಾದ ಮಾತ್ರ ಇದ್ದಲ್ಲೇ ಇದೆ.

ಇದರ ಜೊತೆಗೆ ನಿಧಾನಗತಿಯ ಚಿತ್ರದ ತೊಡಕು ಬೇರೆ. ಕ್ಷಣಾರ್ಧದಲ್ಲಿ ನಡೆದುಹೋದ ಕಾಲು ತಾಗುವಿಕೆಯನ್ನು ಹತ್ತು ಪಟ್ಟು ನಿಧಾನವಾಗಿ ತೋರಿಸಿದರೆ ಆಟಗಾರ ಯೋಚಿಸಿ, ಗುರಿಯಿಟ್ಟು ತುಳಿದಂತೆ ಕಾಣುತ್ತದೆ. ಅದಕ್ಕೇ ವಿಎಆರ್ ನಿಯಮಾವಳಿಯಲ್ಲಿ ಎಚ್ಚರಿಕೆಯೊಂದಿದೆ: ಎಲ್ಲಿ ತಾಗಿತು, ಏನು ತಾಗಿತು ಎಂಬ ಸಂಗತಿಗಳಿಗೆ ಮಾತ್ರ ನಿಧಾನಗತಿ, ಎಷ್ಟು ಜೋರಾಗಿ ತಾಗಿತು ಎಂಬುದಕ್ಕೂ, ಚೆಂಡಿಗೆ ಕೈ ಕೊಟ್ಟದ್ದು ಅಪರಾಧವೇ ಎಂಬುದಕ್ಕೂ ಸಹಜ ವೇಗದ ಚಿತ್ರ. ಮನೆಯಲ್ಲಿ ಕುಳಿತ ನಮಗೆ ಟಿವಿಯವರು ಪದೇ ಪದೇ ತೋರಿಸುವುದು ನಿಧಾನಗತಿಯನ್ನೇ. ಹೀಗಾಗಿ ಕೆಲವೊಮ್ಮೆ ರೆಫರಿ ಸಹಜ ವೇಗದಲ್ಲಿ ನೋಡಿ ಸರಿಯಾಗಿ ಹಳದಿ ಕಾರ್ಡ್ ಕೊಟ್ಟಿರುತ್ತಾರೆ, ನಾವು ಸೋಫಾದಲ್ಲಿ ಕೂತು ಕೆಂಪು ಕಾರ್ಡಿಗೆ ಕೂಗಾಡುತ್ತಿರುತ್ತೇವೆ.

ಇನ್ನು ಮೋಸದ ಮಾತು. ಈಚಿನ ವರ್ಷಗಳ ಅತಿ ದೊಡ್ಡ ವಿಎಆರ್ ಪ್ರಮಾದವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ತಪ್ಪು ಹೇಗೆ ಹುಟ್ಟುತ್ತದೆ ಎಂಬುದು ತಿಳಿಯುತ್ತದೆ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಗೋಲಿಲ್ಲದೆ ಸಾಗಿದ್ದ ಪಂದ್ಯದಲ್ಲಿ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಗೋಲು ಹೊಡೆದರು. ಲೈನ್ಸ್‌ಮನ್ ಧ್ವಜ ಎತ್ತಿದರು, ಮೈದಾನದ ತೀರ್ಪು ಆಫ್‌ಸೈಡ್ ಎಂದಾಯಿತು. ಕೊಠಡಿಯಲ್ಲಿದ್ದ ವಿಎಆರ್ ಗೆರೆ ಎಳೆದು ನೋಡಿದರು. ಡಿಯಾಸ್ ಆನ್‌ಸೈಡ್ ಇದ್ದರು. ಅಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಮೈದಾನದಲ್ಲಿ ಕೊಟ್ಟ ತೀರ್ಪು ‘ಗೋಲು’ ಎಂದೇ ಅವರು ತಲೆಯಲ್ಲಿಟ್ಟುಕೊಂಡಿದ್ದರು. ‘ಗೋಲು ಸರಿಯಿದೆ’ ಎಂಬ ಅರ್ಥದಲ್ಲಿ ‘ಚೆಕ್ ಕಂಪ್ಲೀಟ್’ ಎಂದರು. ಮೈದಾನದ ರೆಫರಿ ಅದನ್ನು ‘ಆಫ್‌ಸೈಡ್ ಸರಿಯಿದೆ’ ಎಂದು ಗ್ರಹಿಸಿ ಆಟ ಮುಂದುವರಿಸಿದರು. ಕೆಲವೇ ಕ್ಷಣಗಳಲ್ಲಿ ತಪ್ಪನ್ನು ಮೊದಲು ಹಿಡಿದದ್ದು ರೆಫರಿಗಳಲ್ಲ, ಮರುಪ್ರಸಾರದ ಯಂತ್ರ ನಡೆಸುತ್ತಿದ್ದ ತಂತ್ರಜ್ಞರು. ಮೈದಾನದ ತೀರ್ಪು ಆಫ್‌ಸೈಡ್ ಆಗಿತ್ತು, ಇದು ನಿಮಗೆ ಸಮ್ಮತವೇ ಎಂದು ಅವರು ಕೇಳಿದ್ದು ಆಮೇಲೆ ಬಿಡುಗಡೆಯಾದ ಧ್ವನಿಮುದ್ರಿಕೆಯಲ್ಲಿದೆ. ಆಟ ನಿಲ್ಲಿಸಿ ಎಂಬ ಸಲಹೆಯೂ ಬಂತು. ಆದರೆ ಆಟ ಒಮ್ಮೆ ಮರುಪ್ರಾರಂಭವಾದ ಮೇಲೆ ಹಿಂದಿನ ತೀರ್ಪನ್ನು ಬದಲಿಸಲು ನಿಯಮ ಬಿಡುವುದಿಲ್ಲ. ವಿಎಆರ್ ಕೈಚೆಲ್ಲಿದರು. ಒಂಬತ್ತೇ ಆಟಗಾರರೊಂದಿಗೆ ಉಳಿದ ಲಿವರ್‌ಪೂಲ್ ಕೊನೆಯ ಗಳಿಗೆಯ ಸ್ವಂತ ಗೋಲಿನಿಂದ 1–2ರಿಂದ ಸೋತಿತು.

ಇಲ್ಲಿ ಕ್ಯಾಮೆರಾ ಸರಿಯಾದದ್ದನ್ನೇ ತೋರಿಸಿತ್ತು, ಗೆರೆ ಸರಿಯಾಗಿತ್ತು, ನೋಡಿದವರ ಕಣ್ಣೂ ಸರಿಯಾಗಿತ್ತು. ಇಬ್ಬರ ನಡುವಿನ ಎರಡು ಪದಗಳ ಮಾತಿನಲ್ಲಿ ತಪ್ಪು ನುಸುಳಿತು. ಮೋಸ ಮಾಡಬೇಕೆಂದವರು ಇಷ್ಟು ಬಯಲಲ್ಲಿ, ಪ್ರತಿ ಮಾತೂ ಮುದ್ರಣವಾಗುವ ಕೊಠಡಿಯಲ್ಲಿ ಕುಳಿತು, ಅರ್ಧ ನಿಮಿಷದಲ್ಲಿ ತಮ್ಮ ತಲೆಗೇ ಬರುವಂತೆ ಮಾಡಿಕೊಳ್ಳುವುದಿಲ್ಲ. ಅದಾದ ಮೇಲೆ ಇಂಗ್ಲೆಂಡಿನ ರೆಫರಿಗಳ ಸಂಸ್ಥೆ ತಪ್ಪೊಪ್ಪಿಕೊಂಡು, ಪರಿಶೀಲನೆಯ ಫಲವನ್ನು ಮೈದಾನಕ್ಕೆ ತಿಳಿಸುವ ಮೊದಲು ವಿಎಆರ್ ತಮ್ಮ ಸಹಾಯಕರೊಂದಿಗೆ ಅದನ್ನು ಖಚಿತಪಡಿಸಿಕೊಳ್ಳಬೇಕೆಂದು ಕ್ರಮ ಬದಲಿಸಿತು. ವಿಮಾನ ಚಾಲಕರು ಬಹಳ ಹಿಂದೆಯೇ ರೂಢಿಸಿಕೊಂಡ ಶಿಸ್ತು ಫುಟ್‌ಬಾಲಿಗೆ ತಡವಾಗಿ ಬಂತು ಎಂದರೆ ತಪ್ಪಲ್ಲ. ಇದೇ ದೃಷ್ಟಿಯಿಂದ, ರೆಫರಿಗಳು ಮಾತಾಡಿಕೊಳ್ಳುವುದನ್ನು ಪ್ರೇಕ್ಷಕರು ಆಗಲೇ ಕೇಳುವಂತಾಗಬೇಕು ಎಂದು ನಾನು ಬಹುದಿನಗಳಿಂದ ವಾದಿಸುತ್ತ ಬಂದಿದ್ದೇನೆ. ಕ್ರಿಕೆಟ್‌ನಲ್ಲಿ ಮೂರನೇ ಅಂಪೈರ್ ಏನು ನೋಡುತ್ತಿದ್ದಾರೆ, ಏನು ಕೇಳುತ್ತಿದ್ದಾರೆ ಎಂಬುದನ್ನು ನಾವೆಲ್ಲ ಕೇಳುತ್ತೇವೆ. ತೀರ್ಪು ಒಪ್ಪದಿದ್ದರೂ ಕಾರಣ ಗೊತ್ತಾಗುತ್ತದೆ. ಫುಟ್‌ಬಾಲಿನಲ್ಲಿ 2023ರ ಮಹಿಳಾ ವಿಶ್ವಕಪ್‌ನಿಂದೀಚೆಗೆ ರೆಫರಿ ಅಂತಿಮ ತೀರ್ಪನ್ನು ಧ್ವನಿವರ್ಧಕದಲ್ಲಿ ಹೇಳುವ ಪದ್ಧತಿ ಹರಡುತ್ತಿದೆಯಾದರೂ, ಒಳಗಿನ ಚರ್ಚೆ ಮುಚ್ಚಿದ ಬಾಗಿಲ ಹಿಂದೆಯೇ ಉಳಿದಿದೆ. ಅನುಮಾನ ಬೆಳೆಯುವುದು ಅಂಥ ಮೌನದಲ್ಲೇ.

ಆಫ್‌ಸೈಡ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ನಿಮ್ಮ ಮೊಬೈಲ್ ವಿಡಿಯೊಗೂ ಇದು ಬೇಕಾಗುತ್ತದೆ. ಆಫ್‌ಸೈಡ್ ಸಂಗತಿಯ ಪ್ರಶ್ನೆ, ಇಲ್ಲಿ ವಿವೇಚನೆ ಬೇಡ ಎಂದು ನಂಬಲಾಗಿತ್ತು. ಆದರೆ ಅಳತೆಯ ಸಾಧನಕ್ಕೇ ಮಿತಿಯಿದೆ. ಸೆಕೆಂಡಿಗೆ 50 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದಿರುತ್ತದೆ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುವ ಫಾರ್ವರ್ಡ್ ಆಟಗಾರ ಅಷ್ಟರಲ್ಲಿ 16 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಅದೇ ಹೊತ್ತಿಗೆ ರಕ್ಷಣಾ ಆಟಗಾರ ಎದುರು ದಿಕ್ಕಿಗೆ ಹೆಜ್ಜೆ ಹಾಕಿದ್ದರೆ ಅಂತರ ಇನ್ನೂ ಹೆಚ್ಚುತ್ತದೆ. ಚೆಂಡಿಗೆ ಕಾಲು ತಾಗಿದ ಕ್ಷಣ ಈ ಚಿತ್ರದಲ್ಲಿದೆಯೋ ಪಕ್ಕದ ಚಿತ್ರದಲ್ಲಿದೆಯೋ ಎಂದು ಆರಿಸುವುದರಲ್ಲೇ ಇಷ್ಟು ವ್ಯತ್ಯಾಸ ಬರುವಾಗ ಕಂಕುಳು, ಕಾಲ್ಬೆರಳ ತುದಿಗಳ ಲೆಕ್ಕದಲ್ಲಿ ಗೋಲು ರದ್ದುಮಾಡುವುದು ಇಲ್ಲದ ನಿಖರತೆಯನ್ನು ಇದೆಯೆಂದು ತೋರಿಸಿದಂತೆ. ಪ್ರೀಮಿಯರ್ ಲೀಗ್ 2019–20ರಲ್ಲಿ ವಿಎಆರ್ ತಂದಾಗ ಇದೇ ಕಾರಣಕ್ಕೆ ಜನ ಹೆಚ್ಚು ಸಿಡಿಮಿಡಿಗೊಂಡರು. 2021–22ರಲ್ಲಿ ಗೆರೆಗಳನ್ನು ದಪ್ಪ ಮಾಡಿ, ಕೂದಲೆಳೆಯ ಅಂತರವಿದ್ದಲ್ಲಿ ಗೋಲು ಹೊಡೆದವನಿಗೇ ಲಾಭ ಸಿಗುವಂತೆ ಮಾಡಿದರು.

2022ರ ಕತಾರ್ ವಿಶ್ವಕಪ್‌ನಲ್ಲಿ ಬಂದ ಅರೆ-ಸ್ವಯಂಚಾಲಿತ ವ್ಯವಸ್ಥೆ ಈ ಮಿತಿಯನ್ನು ಬಹಳಷ್ಟು ತಗ್ಗಿಸಿತು. ಛಾವಣಿಯ ಕೆಳಗಿನ 12 ಕ್ಯಾಮೆರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಸೆಕೆಂಡಿಗೆ 50 ಬಾರಿ ಗುರುತಿಸುತ್ತಿದ್ದವು. ಚೆಂಡಿನೊಳಗಿನ ಸಂವೇದಕ ಸೆಕೆಂಡಿಗೆ 500 ಬಾರಿ ಮಾಹಿತಿ ಕಳಿಸುತ್ತಿತ್ತು, ಹೀಗಾಗಿ ಒದ್ದ ಕ್ಷಣ ಯಾವುದೆಂದು ಊಹಿಸುವ ಅಗತ್ಯವಿರಲಿಲ್ಲ. ಉದ್ಘಾಟನಾ ಪಂದ್ಯದ ಮೂರನೇ ನಿಮಿಷದಲ್ಲೇ ಎಕ್ವಡಾರಿನ ಎನ್ನರ್ ವೆಲೆನ್ಸಿಯಾ ಹೊಡೆದ ಗೋಲನ್ನು ಈ ವ್ಯವಸ್ಥೆಯ ನೆರವಿನಿಂದ ರದ್ದು ಮಾಡಲಾಯಿತು. ಪ್ರೀಮಿಯರ್ ಲೀಗ್‌ಗೆ ಅರೆ-ಸ್ವಯಂಚಾಲಿತ ವ್ಯವಸ್ಥೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಯಂತ್ರವೂ ಕೆಡುವುದುಂಟು ಎಂಬುದನ್ನು ಮಾತ್ರ ಮರೆಯಬಾರದು: 2020ರ ಜೂನ್ 17ರಂದು ಆ್ಯಸ್ಟನ್ ವಿಲ್ಲಾ ಗೋಲ್‌ಕೀಪರ್ ಶೆಫೀಲ್ಡ್ ಯುನೈಟೆಡ್ ವಿರುದ್ಧ ಚೆಂಡನ್ನು ಹಿಡಿದುಕೊಂಡೇ ಗೆರೆಯೊಳಗೆ ಹೋದರೂ, ಗೋಲು ಗೆರೆ ತಂತ್ರಜ್ಞಾನದ ಏಳು ಕ್ಯಾಮೆರಾಗಳಿಗೆ ಆಟಗಾರರು ಅಡ್ಡ ಬಂದದ್ದರಿಂದ, ಗೋಲಾದರೆ ಕಂಪಿಸಬೇಕಿದ್ದ ರೆಫರಿಯ ಗಡಿಯಾರ ಅಲುಗಲಿಲ್ಲ, ವಿಎಆರ್ ಕೂಡ ಸುಮ್ಮನಿದ್ದರು. ಪಂದ್ಯ 0–0 ಆಯಿತು. ಆ ಋತುವಿನಲ್ಲಿ ವಿಲ್ಲಾ ಕೆಳದರ್ಜೆಗೆ ಇಳಿಯುವುದು ತಪ್ಪಿದ್ದು ಒಂದೇ ಒಂದು ಅಂಕದಿಂದ.

ಹಾಗಾದರೆ ವಿಎಆರ್ ತೆಗೆದುಹಾಕಬೇಕೇ? ಸ್ವೀಡನ್ ತರಲೇ ಇಲ್ಲ. ಅಲ್ಲಿ ಕ್ಲಬ್ಬುಗಳ ಹೆಚ್ಚಿನ ಪಾಲು ಸದಸ್ಯರ ಕೈಯಲ್ಲಿದೆ, ಸದಸ್ಯರು ಬೇಡವೆಂದರು. ನಾರ್ವೆಯಲ್ಲಿ 2023ರಲ್ಲಿ ತಂದ ಮೇಲೆ ಪ್ರತಿಭಟನೆ ಎಷ್ಟು ಏರಿತೆಂದರೆ, 2024ರ ಜುಲೈನಲ್ಲಿ ರೋಸನ್‌ಬೋರ್ಗ್–ಲಿಲ್ಲೆಸ್ಟ್ರೋಮ್ ಪಂದ್ಯದ ಹೊತ್ತಿಗೆ ಪ್ರೇಕ್ಷಕರು ಮೈದಾನಕ್ಕೆ ಟೆನಿಸ್ ಚೆಂಡುಗಳ ಜೊತೆಗೆ ಮೀನಿನ ವಡೆಗಳನ್ನೂ ಎಸೆದರು, ಪಂದ್ಯವನ್ನೇ ಕೈಬಿಡಬೇಕಾಯಿತು. 2025ರ ಜನವರಿಯಲ್ಲಿ ಅಲ್ಲಿಯ ಕ್ಲಬ್ಬುಗಳು ಬಹುಮತದಿಂದ ವಿಎಆರ್ ಬೇಡವೆಂದವು, ಮಾರ್ಚ್‌ನಲ್ಲಿ ಫೆಡರೇಷನ್ನಿನ ಸಭೆ ವಿಎಆರ್ ಇರಲಿ ಎಂದಿತು. ಇಂಗ್ಲೆಂಡಿನಲ್ಲಿ ವುಲ್ವ್ಸ್ ಕ್ಲಬ್ 2024ರ ಜೂನ್‌ನಲ್ಲಿ ತೆಗೆದುಹಾಕುವ ಗೊತ್ತುವಳಿ ಮಂಡಿಸಿದಾಗ ಅದರ ಪರ ಬಿದ್ದದ್ದು ಅದರದೇ ಒಂದು ಮತ, ವಿರುದ್ಧ 19. ಆಗ ಲೀಗ್ ಮುಂದಿಟ್ಟ ಅಂಕಿ ಏನೆಂದರೆ, ಪಂದ್ಯದ ಮುಖ್ಯ ತೀರ್ಪುಗಳಲ್ಲಿ ಸರಿಯಾದವುಗಳ ಪ್ರಮಾಣ ವಿಎಆರ್‌ಗೆ ಮೊದಲು ಶೇ 82 ಇದ್ದದ್ದು ಶೇ 96ಕ್ಕೆ ಏರಿದೆ. ಲೀಗ್ ತನ್ನ ಬಗ್ಗೆ ತಾನೇ ಕೊಟ್ಟ ಅಂಕಿ ಎಂಬುದನ್ನು ಗಮನದಲ್ಲಿಟ್ಟರೂ, ತಪ್ಪುಗಳು ಕಡಿಮೆಯಾಗಿವೆ ಎಂಬುದನ್ನು ನಾನು ಒಪ್ಪುತ್ತೇನೆ. ಜನರ ಸಿಟ್ಟು ಕಡಿಮೆಯಾಗದಿರುವುದಕ್ಕೆ ಕಾರಣ ಬೇರೆ. ರೆಫರಿಯೊಬ್ಬರೇ ಇದ್ದಾಗ ‘ಪಾಪ, ಕಾಣಲಿಲ್ಲ’ ಎನ್ನುತ್ತಿದ್ದ ಜನ ‘ನೋಡಿಯೂ ಹೀಗೆ ಮಾಡಿದರು’ ಎನ್ನುತ್ತಾರೆ. ಗೋಲಿಗೆ ಕುಣಿದವರು ಎರಡು ನಿಮಿಷ ಕಾದು ಪೆಚ್ಚಾಗಬೇಕಾಗುತ್ತದೆ. ಎರಡನೆಯ ನಷ್ಟಕ್ಕೆ ಯಾವ ಶೇಕಡಾವಾರು ಲೆಕ್ಕವೂ ಪರಿಹಾರವಲ್ಲ.

ನನ್ನ ನಿಲುವು ಕೇಳಿದರೆ, ಗೆರೆ, ಆಫ್‌ಸೈಡ್, ತಪ್ಪು ಆಟಗಾರನಿಗೆ ಕಾರ್ಡ್, ರೆಫರಿಯ ಬೆನ್ನ ಹಿಂದೆ ನಡೆದ ಹೊಡೆತ, ಇವಕ್ಕೆ ವಿಡಿಯೊ ಇರಲಿ. ತಳ್ಳಾಟ, ಎಳೆದಾಟ, ಕೈಯ ಭಂಗಿಗಳಲ್ಲಿ ರೆಫರಿ ಘಟನೆಯನ್ನು ಸರಿಯಾದ ಕೋನದಿಂದ ನೋಡಿದ್ದರೆ ಅವರ ಮಾತೇ ಕೊನೆಯಾಗಲಿ. ಭಾರತದ ಮಟ್ಟಿಗೆ ಇನ್ನೊಂದು ದಾರಿಯೂ ಇದೆ. ಪೂರ್ಣ ವಿಎಆರ್ ದುಬಾರಿ: ಹೆಚ್ಚಿನ ಕ್ಯಾಮೆರಾ, ಕೊಠಡಿ, ಪ್ರತಿ ಪಂದ್ಯಕ್ಕೂ ತರಬೇತಾದ ಹೆಚ್ಚುವರಿ ರೆಫರಿಗಳು ಬೇಕು. ಫಿಫಾ 2024ರಲ್ಲಿ 20 ವರ್ಷದೊಳಗಿನವರ ಮಹಿಳಾ ವಿಶ್ವಕಪ್‌ನಲ್ಲಿ ‘ಫುಟ್‌ಬಾಲ್ ವಿಡಿಯೊ ಸಪೋರ್ಟ್’ ಎಂಬ ಅಗ್ಗದ ವ್ಯವಸ್ಥೆಯನ್ನು ಪರೀಕ್ಷಿಸಿತು. ಅದರಲ್ಲಿ ಕೊಠಡಿಯ ರೆಫರಿ ಇರುವುದಿಲ್ಲ. ಕೋಚ್ ತನಗಿರುವ ಎರಡು ಅವಕಾಶಗಳಲ್ಲಿ ಒಂದನ್ನು ಬಳಸಿ ಮರುಪರಿಶೀಲನೆ ಕೇಳುತ್ತಾನೆ, ರೆಫರಿ ತಾನೇ ಪರದೆ ನೋಡಿ ತೀರ್ಮಾನಿಸುತ್ತಾರೆ, ಮನವಿ ಸರಿಯೆನಿಸಿದರೆ ಅವಕಾಶ ಉಳಿಯುತ್ತದೆ. ಡಿಆರ್‌ಎಸ್, ಕಬಡ್ಡಿಯ ರಿವ್ಯೂಗಳಿಗೆ ಒಗ್ಗಿಹೋದ ನಮ್ಮ ಜನಕ್ಕೆ ಇದು ಬೇಗ ಅರ್ಥವಾದೀತು. ದೋಹಾದಲ್ಲಿ ಇಂಥದ್ದೊಂದು ಅವಕಾಶ ಭಾರತದ ಕೋಚ್ ಕೈಯಲ್ಲಿದ್ದಿದ್ದರೂ ಸಾಕಿತ್ತು.

ಕೊನೆಗೆ ನಿಮ್ಮ ಸೆಮಿಫೈನಲ್. ಬೆಳಗಾವಿಯ ಮೈದಾನಗಳಲ್ಲಿ ಬಹಳ ಕಾಲ ಶಿಳ್ಳೆ ಹಿಡಿದವನಾಗಿ ಹೇಳುತ್ತೇನೆ, ನಿಮ್ಮ ರೆಫರಿ ಮೊಬೈಲ್ ನೋಡದಿದ್ದದ್ದು ಸರಿ. ವಿಡಿಯೊ ನೆರವಿಗೆ ವಿಧಿವತ್ತಾದ ಅನುಮತಿ ಪಡೆದ ಟೂರ್ನಿಗಳಲ್ಲಿ ಮಾತ್ರ ರೆಫರಿ ಚಿತ್ರ ನೋಡಿ ತೀರ್ಪು ಬದಲಿಸಬಹುದು. ಉಳಿದೆಡೆ ಆಟಗಾರನ, ಪ್ರೇಕ್ಷಕನ ಫೋನು ನೋಡುವಂತಿಲ್ಲ. ಹಾಗೆ ನೋಡುವ ರೂಢಿ ಬಿದ್ದರೆ ಯಾರ ಬೆಂಬಲಿಗರ ಕೈಯಲ್ಲಿ ಹೆಚ್ಚು ಫೋನುಗಳಿವೆಯೋ ಅವರಿಗೆ ಮಾತ್ರ ನ್ಯಾಯ ಸಿಗುತ್ತದೆ, ತಮಗೆ ಪ್ರತಿಕೂಲವಾದ ವಿಡಿಯೊವನ್ನು ಯಾರೂ ಹೊರಗೆ ತೆಗೆಯುವುದಿಲ್ಲ.

‘ಸ್ಪಷ್ಟವಾಗಿ ಆಫ್‌ಸೈಡ್’ ಎಂಬ ನಿಮ್ಮ ಮಾತನ್ನೂ ಸ್ವಲ್ಪ ಪರೀಕ್ಷಿಸಬೇಕು. ವಿಡಿಯೊ ತೆಗೆದವರು ಎಲ್ಲಿ ನಿಂತಿದ್ದರು? ಕೊನೆಯಿಂದ ಎರಡನೆಯ ರಕ್ಷಣಾ ಆಟಗಾರನ ನೇರಕ್ಕೆ ನಿಂತಿರದಿದ್ದರೆ, ಮೈದಾನದ ಮಧ್ಯಗೆರೆಯ ಕಡೆಯಿಂದಲೋ ಗೋಲಿನ ಹಿಂದಿನಿಂದಲೋ ಓರೆಯಾಗಿ ತೆಗೆದಿದ್ದರೆ, ಸಮನಾಗಿ ನಿಂತ ಇಬ್ಬರಲ್ಲಿ ಒಬ್ಬ ಮುಂದಿದ್ದಂತೆ ಕಾಣುತ್ತಾನೆ. ಸಾಮಾನ್ಯ ಮೊಬೈಲ್ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ, ಮೇಲೆ ಹೇಳಿದ 16 ಸೆಂಟಿಮೀಟರ್ ಇಲ್ಲಿ 27ರ ಹತ್ತಿರ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ಗೆಳೆಯರು ಪರದೆಯನ್ನು ತಡೆದು ತೋರಿಸಿದ್ದು ಚೆಂಡು ಒದ್ದ ಕ್ಷಣವನ್ನೋ, ಆಟಗಾರನಿಗೆ ಅದು ತಲುಪಿದ ಕ್ಷಣವನ್ನೋ? ನಾನು ಕಂಡ ಹತ್ತು ತಕರಾರುಗಳಲ್ಲಿ ಹೆಚ್ಚಿನವು ಈ ಒಂದೇ ಪ್ರಶ್ನೆಗೆ ಬಿದ್ದುಹೋಗಿವೆ.

ಸ್ಥಳೀಯ ಟೂರ್ನಿಗಳಲ್ಲಿ ಆಫ್‌ಸೈಡ್ ತಪ್ಪುಗಳ ಮೂಲ ಕ್ಯಾಮೆರಾ ಇಲ್ಲದಿರುವುದಲ್ಲ. ಲೈನ್ಸ್‌ಮನ್ ಆಗಿ ಆಯಾ ತಂಡದ ಬದಲಿ ಆಟಗಾರನ ಕೈಗೆ ಧ್ವಜ ಕೊಟ್ಟು ನಿಲ್ಲಿಸುತ್ತಾರೆ. ಆತ ಚೆಂಡಿನ ಹಿಂದೆ ಓಡುತ್ತಾನೆಯೇ ಹೊರತು ರಕ್ಷಣಾ ಸಾಲಿನ ನೇರಕ್ಕೆ ಸರಿಯುವುದಿಲ್ಲ. ನಮ್ಮ ಮಳೆಗಾಲದ ಪಂದ್ಯಗಳಲ್ಲಂತೂ ವಿರಾಮದ ಹೊತ್ತಿಗೆ ಸುಣ್ಣದ ಗೆರೆಯೇ ಕೆಸರಿನಲ್ಲಿ ಕರಗಿರುತ್ತದೆ. ಟೂರ್ನಿ ಸಮಿತಿಯವರು ಟ್ರೋಫಿಯ ಎತ್ತರಕ್ಕೆ ಸುರಿಯುವ ಹಣದಲ್ಲಿ ಸ್ವಲ್ಪವನ್ನು ತಟಸ್ಥ ಲೈನ್ಸ್‌ಮನ್‌ಗಳ ಭತ್ಯೆಗೆ ತೆಗೆದಿಟ್ಟರೆ ನಿಮ್ಮಂಥವರ ದೂರು ಅರ್ಧ ಇಳಿಯುತ್ತದೆ.

ನೀವು ಸಮಿತಿಗೆ ಬರೆದುಕೊಡಬಹುದೇ ಎಂದರೆ, ಅದು ರೆಫರಿ ತಪ್ಪಿದ ಬಗೆಯನ್ನು ಅವಲಂಬಿಸಿದೆ. ಆಟದ ಸಂಗತಿಗಳ ಬಗ್ಗೆ, ಅಂದರೆ ಆಫ್‌ಸೈಡ್ ಇತ್ತೇ ಇಲ್ಲವೇ, ಗೋಲು ಆಯಿತೇ ಇಲ್ಲವೇ ಎಂಬುದರಲ್ಲಿ, ರೆಫರಿಯ ತೀರ್ಪೇ ಅಂತಿಮ. ವಿಎಆರ್ ಇರುವ ಪಂದ್ಯಗಳಲ್ಲಿ ಕೂಡ ವಿಎಆರ್ ತಪ್ಪಿತು ಎಂಬ ಕಾರಣಕ್ಕೆ ಪಂದ್ಯ ಅಸಿಂಧುವಾಗುವುದಿಲ್ಲ. ರೆಫರಿ ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದರೆ ಮಾತು ಬೇರೆ. 2005ರ ಸೆಪ್ಟೆಂಬರ್‌ನಲ್ಲಿ ತಾಷ್ಕೆಂಟಿನಲ್ಲಿ ನಡೆದ ಉಜ್ಬೇಕಿಸ್ತಾನ–ಬಹ್ರೇನ್ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಉಜ್ಬೇಕಿಸ್ತಾನ ಪೆನಾಲ್ಟಿಯನ್ನು ಗೋಲಾಗಿಸಿತು, ಆದರೆ ಅದರದೇ ಆಟಗಾರ ಮೊದಲೇ ಒಳಗೆ ನುಗ್ಗಿದ್ದ. ನಿಯಮದಂತೆ ಪೆನಾಲ್ಟಿಯನ್ನು ಮತ್ತೆ ಒದೆಯಿಸಬೇಕಿತ್ತು. ರೆಫರಿ ಬಹ್ರೇನಿಗೆ ಪರೋಕ್ಷ ಫ್ರೀ ಕಿಕ್ ಕೊಟ್ಟರು. 1–0ರಿಂದ ಗೆದ್ದಿದ್ದ ಉಜ್ಬೇಕಿಸ್ತಾನ, ಫಲಿತಾಂಶವನ್ನು 3–0 ಎಂದು ಘೋಷಿಸಿ ಎಂದು ದೂರು ಕೊಟ್ಟಿತು. ಫಿಫಾ ಆ ಗೆಲುವನ್ನೂ ರದ್ದುಮಾಡಿ ಇಡೀ ಪಂದ್ಯವನ್ನು ಮತ್ತೆ ಆಡಿಸಿತು. ಮರುಪಂದ್ಯ 1–1, ಬಹ್ರೇನಿನಲ್ಲಿ ನಡೆದ ಪಂದ್ಯ 0–0 ಆಗಿ, ಹೊರನೆಲದ ಗೋಲಿನ ಲೆಕ್ಕದಲ್ಲಿ ದೂರು ಕೊಟ್ಟವರೇ ಹೊರಬಿದ್ದರು. ನಿಮ್ಮ ದೂರು ಆಫ್‌ಸೈಡ್ ಕಾಣಲಿಲ್ಲ ಎಂಬುದಷ್ಟೇ ಆಗಿದ್ದರೆ ಅರ್ಜಿ ಬರೆಯುವ ಶ್ರಮ ಬೇಡ. ಉದಾಹರಣೆಗೆ ಥ್ರೋ-ಇನ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಕೊಟ್ಟರು, ಹೊರಹಾಕಿದ ಆಟಗಾರನ ಬದಲು ಇನ್ನೊಬ್ಬನನ್ನು ಇಳಿಸಲು ಬಿಟ್ಟರು ಎಂಬಂಥದ್ದೇನಾದರೂ ಇದ್ದರೆ, ಟೂರ್ನಿಯ ನಿಯಮಪತ್ರದಲ್ಲಿ ಹೇಳಿದ ಸಮಯದೊಳಗೆ, ನಿಮಿಷ ಯಾವುದು, ಯಾವ ನಿಯಮ ಮುರಿಯಿತು, ಆಟ ಹೇಗೆ ಮರುಪ್ರಾರಂಭವಾಯಿತು ಎಂಬ ಮೂರನ್ನು ಬರೆದು ನಾಯಕನ ಸಹಿಯೊಂದಿಗೆ ಸಮಿತಿಗೆ ಕೊಡಿ. ವಿಡಿಯೊ ಲಗತ್ತಿಸಬೇಕಾಗಿಲ್ಲ, ನಡೆದದ್ದೇನೆಂದು ಸಮಿತಿ ರೆಫರಿಯನ್ನೇ ಕೇಳಬಹುದು.